ಉದಾಹರಣೆಯ ಮನುಷ್ಯರು

ಶಾಸ್ತ್ರಕ್ಕೂ ಕಥೆಗೂ ಎಣ್ಣೆ ಸೀಗೆಕಾಯಿಯ ನಂಟೆಂದು ನಾವು ತಿಳಿದಿರುತ್ತೇವೆ. ಆದರೆ ನಿಯಮವನ್ನು ಕಲಿಸಹೊರಟ ಪುಸ್ತಕವು ಒಬ್ಬಿಬ್ಬರು ಮನುಷ್ಯರನ್ನು ಸೃಷ್ಟಿಸದೆ ಮುಂದುವರಿಯುವುದು ಕಷ್ಟ. ಅಂಕಗಣಿತದಲ್ಲಿ ರಾಮನು ಸೋಮನಿಗೆ ಮಾವಿನಹಣ್ಣು ಕೊಡಲೇಬೇಕು. ಹಗಲು ಉಣ್ಣದಿದ್ದರೂ ದಪ್ಪಗಿರುವ ದೇವದತ್ತನು ರಾತ್ರಿ ಉಣ್ಣುತ್ತಿರಲೇಬೇಕು. ಮೀಮಾಂಸಕರು ಅರ್ಥಾಪತ್ತಿಯೆಂಬ ಪ್ರಮಾಣವನ್ನು ಕಲಿಸಿದ್ದು ಹೀಗೆ. ಪ್ರಮಾಣವನ್ನು ಮರೆತವರೂ ದೇವದತ್ತನನ್ನು ಮರೆತಿಲ್ಲ.

ಅಮೆರಿಕದಲ್ಲಿ ಬೆಳೆದ ನನ್ನ ಸೋದರಳಿಯನೊಬ್ಬ ಊರಿಗೆ ಬಂದಾಗ ತಾನು ಹುಡುಗನಾಗಿದ್ದಾಗ ಓದಿದ ಒಂದು ಆಟದ ಪುಸ್ತಕವನ್ನು ತೋರಿಸಿದ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ಹೊತ್ತು, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟುವ ಆಟವಿದು. ಒಬ್ಬ ಸೂತ್ರಧಾರನೂ ಇರುತ್ತಾನೆ. ಪಾತ್ರವನ್ನು ಹೇಗೆ ರೂಪಿಸಬೇಕೆಂದು ತೋರಿಸಲು ಮೊದಲ ಪುಸ್ತಕದಲ್ಲಿ ಕ್ಸೈಲಾರ್ಥೆನ್ ಎಂಬ ಮಾಂತ್ರಿಕನಿದ್ದ. 1981ರ ಆವೃತ್ತಿಯಲ್ಲಿ ಮಾರ್ಗನ್ ಐರನ್‌ವುಲ್ಫ್ ಎಂಬ ವೀರಮಹಿಳೆ ಬಂದಳು. ಅದರಲ್ಲೇ ಬ್ಲ್ಯಾಕ್ ಡೂಗಲ್ ಎಂಬ ಕಳ್ಳನು ಪೆಟ್ಟಿಗೆಯೊಂದನ್ನು ತೆರೆಯಹೋಗಿ ವಿಷಸೂಜಿಗೆ ಬಲಿಯಾದ.

ಅಳಿಯ ತೋರಿಸಿದ ಪುಸ್ತಕವು 1983ರಲ್ಲಿ ಫ್ರ್ಯಾಂಕ್ ಮೆಂಟ್ಸರ್ ಸಿದ್ಧಪಡಿಸಿದ ಆವೃತ್ತಿ. ಅದರಲ್ಲಿ ಗುಹೆ ಹೊಕ್ಕ ಓದುಗನಿಗೆ ಅಲೀನಾ ಎಂಬ ಪೂಜಾರಿಣಿ ಎದುರಾಗುತ್ತಾಳೆ; ಅವನ ಗಾಯವನ್ನು ಮಾಯಿಸುತ್ತಾಳೆ, ಅಕ್ಕರೆಯಿಂದ ಆಟದ ಮರ್ಮ ಹೇಳಿಕೊಡುತ್ತಾಳೆ. ಕೆಲವೇ ಪುಟಗಳಲ್ಲಿ ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನ ಬಾಣಕ್ಕೆ ಸಿಕ್ಕಿ ಸಾಯುತ್ತಾಳೆ. ಐವತ್ತು ದಾಟಿದ ನನ್ನ ಅಳಿಯ ಆ ಪುಟದ ಮೇಲೆ ಕೈಯಿಟ್ಟು, “ಮಾವಾ, ಇಕಿ ಸತ್ತಾಗ ನಾ ಅತ್ತಿದ್ದೆ” ಎಂದ. ನಿಯಮಗಳಲ್ಲಿ ಹೆಚ್ಚಿನವು ಅವನಿಗೆ ಮರೆತುಹೋಗಿದ್ದವು.

ನಾನು ನಗಲಿಲ್ಲ. ನನಗೆ ನೆನಪಾದವರು ಬೇರೆಯವರು.

ನನ್ನ ಊರು ಇಂದಿನ ಗದಗ ಜಿಲ್ಲೆಯ, ನರಗುಂದ ತಾಲೂಕಿನ ಕೊಣ್ಣೂರು. ಮಲಪ್ರಭೆಯ ದಂಡೆ, ಕರಿಯ ನೆಲ. ಶಾಸನಗಳಲ್ಲಿ ಇದರ ಹೆಸರು ಕೊಳನೂರು. ಬಂಕೇಯನು ಕಟ್ಟಿಸಿದ ಇಲ್ಲಿಯ ಬಸದಿಗೆ ರಾಷ್ಟ್ರಕೂಟ ಅಮೋಘವರ್ಷನು 860ರಲ್ಲಿ ದತ್ತಿ ಬಿಟ್ಟನೆಂದು ಇಲ್ಲಿಯ ಕಲ್ಲು ಹೇಳುತ್ತದೆ. ಆ ಕಲ್ಲು ಅನಂತರದ ಕಾಲದ ಪ್ರತಿಯೆಂದು ವಿದ್ವಾಂಸರ ಮತ. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅವನ ಲೆಕ್ಕಗಳಲ್ಲಿಯೂ ದಾರಿಯಲ್ಲಿ ಹಣದ ಗಂಟು ಕಂಡ ವರ್ತಕರಿದ್ದಾರೆ, ಹರಿದ ಹಾರದಿಂದ ಚದುರಿದ ಮುತ್ತುಗಳಿವೆ. ಕಲ್ಲಿನಲ್ಲಿ ಕೊಟ್ಟವರ ಹೆಸರುಂಟು, ಪಡೆದವರ ಹೆಸರುಂಟು. ಆ ನೆಲವನ್ನು ಉತ್ತವರ ಹೆಸರನ್ನು ಯಾರು ಕೆತ್ತಿಸಬೇಕು?

ನಾನು ಓದಿದ ಶಾಲೆಯಲ್ಲಿ ಒಂದು ಲೆಕ್ಕವಿತ್ತು: 8 ಆಳುಗಳು ಒಂದು ಹೊಲದ ಕಳೆಯನ್ನು 6 ದಿನಗಳಲ್ಲಿ ತೆಗೆದರೆ 12 ಆಳುಗಳು ಎಷ್ಟು ದಿನಗಳಲ್ಲಿ ತೆಗೆದಾರು? ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗ ಎದ್ದು ನಿಂತು, “ಮಾಸ್ತರ್ರ, ಆ ಎಂಟು ಮಂದಿ ಹೆಸರೇನ್ರಿ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನ ತಾಯಿ ಕಳೆ ತೆಗೆಯಲು, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಹಣ್ಣು ಹಂಚುವ ರಾಮನಿಗೆ, ಬಡ್ಡಿಗೆ ಕೊಡುವ ಸೋಮನಿಗೆ ಹೆಸರಿದ್ದ ಮೇಲೆ ತನ್ನ ತಾಯಿಗೇಕೆ ಇರಬಾರದು ಎಂಬುದು ಅವನ ಪ್ರಶ್ನೆಯಾಗಿತ್ತು. ಅದು ನನಗೆ ಅಂದು ಹೊಳೆಯಲಿಲ್ಲ. ಮರುವರುಷ ಅವನು ಶಾಲೆಗೆ ಬರಲಿಲ್ಲ. ತಾಯಿಯ ಹಿಂದೆ ಹೊಲಕ್ಕೆ ಹೋಗುವುದನ್ನು ಕಂಡೆ.

ಅಲೀನಾಳಿಗಾಗಿ ಒಬ್ಬ ಹುಡುಗ ಅತ್ತದ್ದು ಅವಳು ವೀರಳೆಂದಲ್ಲ. ಅವಳಿಗೊಂದು ಹೆಸರಿತ್ತು, ಅವಳು ಅವನೊಡನೆ ಮಾತನಾಡಿದ್ದಳು. ಉದಾಹರಣೆಗೆಂದು ಬಂದವರೂ ಅಷ್ಟರಿಂದಲೇ ಮನುಷ್ಯರಾಗುತ್ತಾರೆ.

ಮುಂದೆ ನಾನೂ ಮಾಸ್ತರನಾದೆ. ಆ ಲೆಕ್ಕ ಬಂದಾಗಲೆಲ್ಲ ಎಂಟು ಹೆಸರುಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ಯಲ್ಲವ್ವ, ಫಕೀರವ್ವ, ಹನುಮಪ್ಪ, ಹೀಗೆ. ಉತ್ತರ ನಾಲ್ಕು ದಿನವೇ, ಅದೇನೂ ಬದಲಾಗಲಿಲ್ಲ. ಆದರೆ ಒಮ್ಮೆ ಹಿಂದಿನ ಸಾಲಿನ ಒಬ್ಬ ಹುಡುಗಿ ಮೆಲ್ಲಗೆ, “ಸರ್, ಯಲ್ಲವ್ವ ಅಂದ್ರ ನಮ್ಮವ್ವನ ಹೆಸರ್ರೀ” ಎಂದಳು. ಅಂದು ಯಾರೂ ನಗಲಿಲ್ಲ.