ಹಲ್ಲಿನ ಕವಚ



ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳನ್ನು ನಾನು ಕಳೆದದ್ದು ಕೋಲಾರದ ಸೀಮೆಯಲ್ಲಿ. ತರಗತಿಯಲ್ಲಿ ಹಾಸ್ಯ ಪ್ರಸಂಗ ಬಂದಾಗಲೆಲ್ಲ ಕೆಲವು ಹುಡುಗಿಯರು ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದರು. ನಾಚಿಕೆಯೆಂದು ಭಾವಿಸಿದ್ದೆ. ಕಂದುಗೆರೆ ಬಿದ್ದ ಹಲ್ಲುಗಳನ್ನು ಮರೆಮಾಡಲು ಹಾಗೆ ಮಾಡುತ್ತಿದ್ದರೆಂದು ತಿಳಿದದ್ದು ತಡವಾಗಿ. ಅಲ್ಲಿನ ಅಂತರ್ಜಲದಲ್ಲಿ ಮಿತಿಮೀರಿದ್ದ ಫ್ಲೋರೈಡ್ ಅದಕ್ಕೆ ಕಾರಣ.

ಮೊನ್ನೆ ಮೊಮ್ಮಗಳಿಗೆಂದು ಟೂತ್‌ಪೇಸ್ಟ್ ಕೊಳ್ಳಲು ಹೋದಾಗ ಪೊಟ್ಟಣದ ಮೇಲೆ ಅದೇ ಹೆಸರನ್ನು ಕಂಡು ಕೈ ಹಿಂಜರಿಯಿತು. ಹಲ್ಲನ್ನು ಕೆಡಿಸಿದ ವಸ್ತುವೇ ಹಲ್ಲನ್ನು ಕಾಯುವುದೆಂತು?

ಎನಾಮಲ್ ಎಂಬ ಹಲ್ಲಿನ ಹೊರಕವಚ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಶೇಕಡಾ 96ರಷ್ಟು ಖನಿಜವೇ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಜೀವಕೋಶಗಳಿಲ್ಲದ ಈ ಕವಚ ಸವೆದರೆ ಮತ್ತೆ ಬೆಳೆಯದು. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಆಮ್ಲದಲ್ಲಿ ಅದರ ಖನಿಜ ಕರಗತೊಡಗುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳು ಆ ಕೊರತೆಯನ್ನು ಮೆಲ್ಲನೆ ತುಂಬುತ್ತವೆ. ಈ ದುರಸ್ತಿಯ ವೇಳೆ ಸ್ವಲ್ಪ ಫ್ಲೋರೈಡ್ ಜೊತೆಗೂಡಿದರೆ, ತುಂಬಿಕೊಂಡ ಭಾಗವು ಆಮ್ಲಕ್ಕೆ ಮೊದಲಿನಷ್ಟು ಸುಲಭವಾಗಿ ಮಣಿಯದು.

ಭೇದವಿರುವುದು ಇಲ್ಲಿಯೇ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ನಿಂತು ಕೆಲಸ ಮಾಡಿದರೆ ರಕ್ಷಕ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಅತಿಯಾಗಿ ಹೊಟ್ಟೆಗೆ ಸೇರಿದರೆ ಭಕ್ಷಕ. ಆದುದರಿಂದ ಪೊಟ್ಟಣದ ಮೇಲೆ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಎಂಬ ಹೆಸರನ್ನೂ, ಹತ್ತು ಲಕ್ಷ ಭಾಗಕ್ಕೆ 1000ದಷ್ಟು ಎಂಬ ಪ್ರಮಾಣವನ್ನೂ ನೋಡಿ ಕೊಳ್ಳುವುದು ಲೇಸು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದೆ ಉಗುಳುವುದನ್ನು ಹಿರಿಯರು ಪಕ್ಕದಲ್ಲಿ ನಿಂತು ಕಲಿಸಬೇಕು. ಉಗುಳಿದ ಮೇಲೆ ಬೊಗಸೆಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಲಾಭದ ಒಂದಷ್ಟು ನೀರಿನೊಡನೆ ಹೋಗಬಹುದು. ಎನಾಮಲ್ಲಿನ ಖನಿಜವಾದ ಹೈಡ್ರಾಕ್ಸಿಅಪಟೈಟನ್ನೇ ಬೆರೆಸಿದ ಪೇಸ್ಟುಗಳೂ ಈಗ ದೊರೆಯುತ್ತವೆ. ಆದರೆ ಫ್ಲೋರೈಡಿನ ಹಿಂದಿರುವಷ್ಟು ದೀರ್ಘಕಾಲದ ಪರೀಕ್ಷೆ ಅವುಗಳ ಹಿಂದಿಲ್ಲ. ಬಿಳುಪಿನ ಆಸೆಗೆ ಇದ್ದಿಲಿನ ಪುಡಿಯಿಂದ ಉಜ್ಜುವುದಂತೂ ಇರುವ ಕವಚವನ್ನು ನಾವೇ ತೇದು ಕಳೆದಂತೆ.

ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮೊದಲು ಶುದ್ಧಗೊಳ್ಳಬೇಕಾದದ್ದು ಕುಡಿಯುವ ನೀರು. ಅಲ್ಲಿ ಮಕ್ಕಳಿಗೆ ಯಾವ ಪೇಸ್ಟು ತಕ್ಕುದೆಂದು ದಂತವೈದ್ಯರನ್ನು ಕೇಳಿಯೇ ಆರಿಸಬೇಕು. ಆ ಹುಡುಗಿಯರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅಂದು ನನಗೂ ತಿಳಿದಿರಲಿಲ್ಲ. ಅವರ ಮೊಮ್ಮಕ್ಕಳಾದರೂ ಕೈ ಅಡ್ಡವಿಡದೆ ನಗುವಂತಾಗಲಿ.