ಇನ್ನೊಂದು ಸುತ್ತು
2023ರ ಸೆಪ್ಟೆಂಬರ್ 14ರ ಸಂಜೆ ನಮ್ಮ ಮುಂಬೈಯಲ್ಲಿ ಜೋರು ಮಳೆ. ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಎಂಬ ಸಣ್ಣ ಖಾಸಗಿ ವಿಮಾನ 27ನೇ ರನ್‌ವೇಯಲ್ಲಿ ಇಳಿಯುವಾಗ ಪಕ್ಕಕ್ಕೆ ಜಾರಿ ಮುರಿದುಬಿತ್ತು. ದೂರಕ್ಕೆ ಕಾಣುತ್ತಿದ್ದದ್ದು ಬರೀ 700 ಮೀಟರ್. ಪುಣ್ಯಕ್ಕೆ ಒಳಗಿದ್ದ 8 ಜನರೂ ಬದುಕಿದರು.

ಆ ಪೈಲಟ್‌ಗಳ ಬಗ್ಗೆ ತೀರ್ಪು ಕೊಡೋಕೆ ನಾನ್ಯಾರು? ನನ್ನ ಕತೆ ಹೇಳ್ತೀನಿ. ಕಲಿಯುವಾಗ ನಾನೂ ಒಂದು ಸೆಸ್ನಾ 172ರ ಮುಂದಿನ ಚಕ್ರ ಮುರಿದವನೇ. 65 ನಾಟ್ ಆಸುಪಾಸಿನಲ್ಲಿ ಇಳಿಸಬೇಕಾದದ್ದನ್ನು 80ರಲ್ಲಿ ತಂದೆ. ನೆಲ ಮುಟ್ಟಿದ ವಿಮಾನ ಚೆಂಡಿನ ಹಾಗೆ ಪುಟಿಯಿತು. ಗಾಬರಿಯಲ್ಲಿ ಮೂತಿ ಕೆಳಗೊತ್ತಿದೆ. ಮುಂದಿನ ಚಕ್ರವೇ ಮೊದಲು ಬಡಿಯಿತು. ಆ ಚಕ್ರ ಅಷ್ಟು ಭಾರ ತಡೆಯೋದಿಲ್ಲ.

ಪುಟಿದಾಗಲೇ ಎಂಜಿನ್ ಪೂರ್ತಿ ಕೊಟ್ಟು ಮೇಲೇರಬೇಕಿತ್ತು. ಅದೇ ಗೋ-ಅರೌಂಡ್.

"ಗಾಳಿ ಜಾಸ್ತಿ ಇತ್ತು ಸರ್" ಅಂದೆ. ಬೋಧಕರು ಮಾತಾಡದೆ ಗಾಳಿಚೀಲದ ಕಡೆ ಕೈ ತೋರಿಸಿದರು. ಅದು ಜೋತುಬಿದ್ದಿತ್ತು.

ನಿಜವಾದ ಕಾರಣ ನಾಚಿಕೆ. ಇನ್ನೊಂದು ಸುತ್ತು ಹಾಕಿದರೆ ಕೆಳಗಿನವರು ನಗ್ತಾರೆ ಅಂತ. ನಗಲಿ ಬಿಡಿ. ಸುತ್ತು ಹಾಕಿ ಬಂದವನು ಆ ನಗು ಕೇಳೋಕೆ ಇರ್ತಾನೆ.