ಹೊಗೆ ಯಾರ ಪಾಲಿಗೆ?



ಕನ್ನಡ ಎಂ.ಎ. ಓದಿದ ಗೃಹಿಣಿಯೊಬ್ಬಳು ಮೈಕಿನ ಮುಂದೆ ಕೂತು ಕಾರಿನ ಸೈಲೆನ್ಸರ್ ವಿಷಯ ಮಾತಾಡುತ್ತಾಳೆ ಅಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಮೊನ್ನೆ ಮೊನ್ನೆಯವರೆಗೆ ನನಗೂ ಕಾರು ಅಂದರೆ ಸ್ಟಾರ್ಟ್ ಆಗಬೇಕು, ಏಸಿ ತಣ್ಣಗಿರಬೇಕು, ಅಷ್ಟೆ. ಈಗ ಅದರ ಹೊಟ್ಟೆಯ ಕೆಳಗೆ ಏನೇನಿದೆ, ಯಾವುದು ಯಾಕಿದೆ ಎಂದು ಒಂದಿಷ್ಟು ಹೇಳಬಲ್ಲೆ. ಕಲಿಸಿದವನು ನನ್ನ ಮಗ. ಆದರೆ ಕಲಿಯಲೇಬೇಕು ಎನ್ನಿಸಿದ್ದು ಒಂದು ರಾತ್ರಿ ನಡೆದ ಘಟನೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಮಗನಿಗೆ ಇಪ್ಪತ್ತೊಂದು ವರ್ಷ. ತಾನೇ ಕೂಡಿಟ್ಟ ದೀನಾರುಗಳಲ್ಲಿ 1999ರ ಒಂದು ಜಪಾನಿ ಕಾರು ಕೊಂಡ. ಅವನಿಗಿಂತ ಕಾರೇ ಹಿರಿಯದು! ಆರು ತಿಂಗಳು ಅದಕ್ಕೆ ಮಾಡಿದ ಉಪಚಾರವನ್ನು ಪುಸ್ತಕಗಳಿಗೆ ಮಾಡಿದ್ದರೆ ಎಂದು ನಾನೂ ಎಲ್ಲ ಅಮ್ಮಂದಿರಂತೆ ಹೇಳಿದೆ. ಮೊದಲು ಹೊಸ ಹೆಡರ್ ಬಂತು, ಆಮೇಲೆ ಅಗಲವಾದ ಪೈಪು, ಹಿಂದೆ ಹೊಳೆಯುವ ಸೈಲೆನ್ಸರ್. "ಅಮ್ಮಾ, ಸೌಂಡ್ ಕೇಳು" ಎಂದು ನನ್ನನ್ನು ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಮುಖ ಅರಳಿತ್ತು. ನನಗೆ ಸದ್ದು ಅರ್ಥವಾಗಲಿಲ್ಲ, ಆ ಮುಖ ಅರ್ಥವಾಯಿತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಗ್ಯಾರೇಜಿನಲ್ಲಿ ಯಾರೋ ಹೇಳಿದರಂತೆ: "ಪೈಪು ದೊಡ್ಡದಾಯಿತು, ನಡುವೆ ಈ ಡಬ್ಬಿ ಯಾಕೆ? ಉಸಿರು ಕಟ್ಟುತ್ತದೆ, ತೆಗೆದುಬಿಡು." ಆ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಅದನ್ನು ಕತ್ತರಿಸಿ ಬರಿಯ ಪೈಪು ಬೆಸೆದರು. ಹೊಸ ಹೆಡರಿಗೆ ಇ.ಜಿ.ಆರ್. ಕೊಳವೆ ಸೇರಿಸಲು ಜಾಗವಿರಲಿಲ್ಲ, ಅದನ್ನೂ ಮುಚ್ಚಿದರು. ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಯೂ ಹೋಯಿತು. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, "ಊರಲ್ಲಿ ನಾನು ಓಡಿಸುತ್ತಿದ್ದ ಮಾರುತಿಗೆ ಇದ್ಯಾವುದೂ ಇರಲಿಲ್ಲ, ಓಡುತ್ತಿರಲಿಲ್ಲವೆ?" ಎಂದರು. ಅಪ್ಪನ ಒಪ್ಪಿಗೆಯೂ ಸಿಕ್ಕಿತಲ್ಲ, ಇನ್ನೇನು!

ಅಪ್ಪಂದಿರ ಈ ಮಾತನ್ನು ನೀವೂ ಕೇಳಿರಬಹುದು. ಅದು ಸುಳ್ಳಲ್ಲ. ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ಅದೂ ಮೊದಲು ದಿಲ್ಲಿ, ಮುಂಬಯಿ, ಕಲ್ಕತ್ತ, ಮದ್ರಾಸು ಈ ನಾಲ್ಕೇ ನಗರಗಳಲ್ಲಿ. ನಮ್ಮ ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕಾರಣ ಪೆಟ್ರೋಲ್. ಆಗಿನ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ತಗುಲಿದರೆ ಕನ್ವರ್ಟರ್ ಕೆಟ್ಟುಹೋಗುತ್ತದೆ. ದೇಶದ ಎಲ್ಲ ಬಂಕುಗಳಿಗೂ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದಲ್ಲಿ. ಜಗತ್ತಿನ ರಸ್ತೆಗಳಿಂದ ಸೀಸದ ಪೆಟ್ರೋಲ್ ಪೂರ್ತಿ ಮರೆಯಾದದ್ದು 2021ರಲ್ಲಿ, ಕೊನೆಯ ದೇಶವಾದ ಅಲ್ಜೀರಿಯಾ ಮಾರಾಟ ನಿಲ್ಲಿಸಿದಾಗ. ಅಪ್ಪನ ಮಾರುತಿ ಓಡುತ್ತಿತ್ತು, ನಿಜ. ಅದರ ಹೊಗೆಯನ್ನು ಯಾರು ಕುಡಿದರು ಎಂದು ಆಗ ಯಾರೂ ಕೇಳಲಿಲ್ಲ.

ಈಗ ಆ ಡಬ್ಬಿಯೊಳಗೆ ಏನಿದೆ ನೋಡೋಣ. ಜೇನುಗೂಡಿನಂತೆ ಸಾವಿರಾರು ಸಣ್ಣ ಕಂಡಿಗಳ ಪಿಂಗಾಣಿ ದಿಮ್ಮಿ. ಅದರ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳ್ಳನೆಯ ಲೇಪ. ಎಂಜಿನ್ನಿನಿಂದ ಬಿಸಿ ಹೊಗೆ ಇದರೊಳಗೆ ಹಾಯುವಾಗ ವಿಷದ ಕಾರ್ಬನ್ ಮೊನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಉರಿಯದೆ ಉಳಿದ ಪೆಟ್ರೋಲ್ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ, ಸಾರಜನಕದ ಆಕ್ಸೈಡುಗಳು ಬರಿಯ ಸಾರಜನಕವಾಗುತ್ತವೆ. ಇದರ ಮೂಲರೂಪವನ್ನು ಮಾಡಿದವನು ಯೂಜೀನ್ ಹೂಡ್ರಿ, ಅಮೆರಿಕದಲ್ಲಿ ನೆಲೆಸಿದ ಫ್ರೆಂಚ್ ಎಂಜಿನಿಯರ್. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ ಹೊಗೆಮಂಜು ಅವನನ್ನು ಈ ಕೆಲಸಕ್ಕೆ ಹಚ್ಚಿತು. 1950ರ ದಶಕದಲ್ಲೇ ಪೇಟೆಂಟ್ ಸಿಕ್ಕಿತು. ಆದರೆ ಸೀಸದ ಪೆಟ್ರೋಲ್ ಅಡ್ಡ ನಿಂತಿತ್ತು. ಅಮೆರಿಕದ ಕಾರುಗಳಿಗೆ ಇದು ಸಾಮಾನ್ಯವಾದದ್ದು 1975ರಿಂದ.

ಹಾಗಾದರೆ "ತೆಗೆದರೆ ಪವರ್ ಬರುತ್ತದೆ" ಎಂಬ ಮಾತು ಎಲ್ಲಿಂದ ಹುಟ್ಟಿತು? ಅಲ್ಲಿಂದಲೇ. ಆ ಮೊದಮೊದಲ ಕನ್ವರ್ಟರುಗಳು ಹೊಗೆಯ ದಾರಿಗೆ ನಿಜವಾಗಿ ಅಡ್ಡ ಬರುತ್ತಿದ್ದವು, ಎಂಜಿನ್ನುಗಳೂ ಸೊರಗಿದ್ದವು. ಆಗ ತೆಗೆದವರಿಗೆ ವ್ಯತ್ಯಾಸ ಕಂಡಿತು. ಕನ್ವರ್ಟರ್ ಸುಧಾರಿಸಿತು, ಗ್ಯಾರೇಜಿನ ಮಾತು ಮಾತ್ರ ಹಳೆಯದೇ ಉಳಿಯಿತು. ನಿಮ್ಮ ಹಳೆಯ ಕಾರು ಎಂದರೆ ತೊಂಬತ್ತರ ದಶಕದ್ದು, ಎರಡು ಸಾವಿರದ ಆಚೀಚೆಯದು. ಅದರ ಕನ್ವರ್ಟರ್ ಸುಸ್ಥಿತಿಯಲ್ಲಿದ್ದರೆ ತೆಗೆದು ಸಿಗುವುದು ಸದ್ದು ಹೆಚ್ಚು, ಬಲ ಕಡಿಮೆ. ಇ.ಜಿ.ಆರ್. ಅಂತೂ ನೀವು ಪೆಡಲನ್ನು ಪೂರ್ತಿ ಒತ್ತಿದಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಂದಮೇಲೆ ತೆಗೆದರೆ ಬರುವ ಬಲ ಯಾವುದು? ಇದ್ದಿಲ ಡಬ್ಬಿ ಟ್ಯಾಂಕಿನ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೇ ಮರಳಿಸುತ್ತದೆ. ನಮ್ಮ ಜುಲೈ ಬಿಸಿಲಲ್ಲಿ ನಿಂತ ಕಾರಿನಿಂದ ಎಷ್ಟು ಪೆಟ್ರೋಲ್ ಆವಿಯಾಗಿ ಹೋಗಬಹುದು, ಯೋಚಿಸಿ. ಅದು ನೀವು ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲ್.

ಈಗ ಆ ರಾತ್ರಿಯ ವಿಷಯ.

ಅಲ್ ಖೋಬರಿನಲ್ಲಿರುವ ಗೆಳತಿಯ ಮನೆಗೆ ಹೊರಟಿದ್ದೆವು. ಜೂನ್ ತಿಂಗಳ ವಾರಾಂತ್ಯ. ನಮ್ಮ ಕಾರು ಸರ್ವಿಸಿಗೆ ಹೋಗಿತ್ತು, ಮಗನ ಕಾರಿನಲ್ಲೇ ಹೊರಟೆವು. ಕಿಂಗ್ ಫಹದ್ ಕಾಸ್‌ವೇ ನಿಮಗೆ ಗೊತ್ತೇ ಇದೆ, 1986ರಲ್ಲಿ ತೆರೆದ ಇಪ್ಪತ್ತೈದು ಕಿಲೋಮೀಟರಿನ ಸಮುದ್ರದ ಹಾದಿ. ನಡುವಿನ ದ್ವೀಪದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲು. ಅಂದು ಸಾಲು ಆಮೆಯಂತೆ ಸಾಗುತ್ತಿತ್ತು. ಕಿಟಕಿ ಮುಚ್ಚಿ, ಏಸಿ ಹಾಕಿ, ಎಂಜಿನ್ ಓಡುತ್ತಲೇ ಇತ್ತು. ಮುಕ್ಕಾಲು ಗಂಟೆಯಾಗಿರಬಹುದು. ನನಗೆ ತಲೆ ಸಿಡಿಯತೊಡಗಿತು. ಬಿಸಿಲಿನದ್ದು ಅಂದುಕೊಂಡೆ. ಹಿಂದಿನ ಸೀಟಿನಲ್ಲಿ ನನ್ನ ಹನ್ನೆರಡು ವರ್ಷದ ಮಗಳು ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಏಳುತ್ತಿಲ್ಲ. ಮತ್ತೆ ಅಲುಗಾಡಿಸಿದೆ. ಕಣ್ಣು ಬಿಟ್ಟು, "ಅಮ್ಮಾ, ವಾಂತಿ" ಎಂದಳು. ಮಗ ತಟ್ಟನೆ ಎಂಜಿನ್ ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದ. ತಂಗಿಯನ್ನು ಎತ್ತಿಕೊಂಡು ಗಾಳಿಗೆ ನಿಂತ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದರು. ಅವನ ಕೈ ನಡುಗುತ್ತಿದ್ದದ್ದು ನನಗೆ ಕಂಡಿತು. ಆಸ್ಪತ್ರೆಯಲ್ಲಿ ತೋರಿಸಿದೆವು. ಮಗಳು ಚೇತರಿಸಿಕೊಂಡಳು. ಈಗ ಆರಾಮವಾಗಿದ್ದಾಳೆ.

ಮರುದಿನ ಸಲ್ಮಾಬಾದಿನಲ್ಲಿ ಬೇರೊಬ್ಬ ಮೆಕ್ಯಾನಿಕ್, ಮಲಯಾಳಿ ಹಿರಿಯರು, ಕಾರನ್ನು ಮೇಲೆತ್ತಿ ತೋರಿಸಿದರು. ಬರಿಯ ಪೈಪು ಬೆಸೆದ ಕಡೆ ಕೂದಲೆಳೆಯಂಥ ಬಿರುಕು. ಅದರ ಮೇಲೆಯೇ ಹಳೆಯ ಕಾರಿನ ನೆಲ, ರಬ್ಬರ್ ಒಣಗಿ ಉದುರಿದ ಒಂದು ತೂತು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಸೋರಿಕೆ ಯಾವ ಕಾರಿನಲ್ಲೂ ಕೆಟ್ಟದ್ದೇ. ಆದರೆ ಕನ್ವರ್ಟರ್ ದಾಟಿ ಬಂದ ಹೊಗೆಯಲ್ಲಿ ಈ ವಿಷ ಬಹುಪಾಲು ಇಳಿದಿರುತ್ತದೆ. ನಮ್ಮ ಕಾರಿನಲ್ಲಿ ಇಳಿಸುವುದಕ್ಕೆ ಏನೂ ಉಳಿದಿರಲಿಲ್ಲ.

ನಾನು ಕುಣಿಗಲ್ ಕಡೆಯವಳು. ನಮ್ಮ ಪಕ್ಕದ ಉಂಗ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವಿತ್ತು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಾಗಿ ವಿಜ್ಞಾನ ಎಂದು ಕಟ್ಟಿದ ಸಂಸ್ಥೆ ಅದು. ಅವರು ರೂಪಿಸಿದ ಅಸ್ತ್ರ ಒಲೆ ನಮ್ಮ ಅಜ್ಜಿಯ ಅಡುಗೆಮನೆಗೂ ಬಂತು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೋಗಲು ಚಿಮಣಿ. ಅಜ್ಜಿಯ ಕೆಮ್ಮು ಇಳಿಯಿತು. ಕೆಲವು ವರ್ಷದ ಮೇಲೆ ನಮ್ಮ ಚಿಕ್ಕಪ್ಪ, ದಪ್ಪ ಸೌದೆ ಹಿಡಿಸಲಿ ಎಂದು ಒಲೆಯ ಬಾಯಿಯನ್ನು ಒಡೆದು ಅಗಲ ಮಾಡಿದರು. ಉರಿ ಜೋರಾಯಿತು, ಜಂಬವೂ ಆಯಿತು. ಆದರೆ ಹೊಗೆ ಚಿಮಣಿ ಬಿಟ್ಟು ಅಡುಗೆಮನೆಗೇ ಬರತೊಡಗಿತು. ಚಿಕ್ಕಪ್ಪ ಜಗಲಿಯಲ್ಲಿದ್ದರು. ಒಲೆಯ ಮುಂದೆ ಇದ್ದವಳು ಅಜ್ಜಿ.

ಮಗನಿಗೆ ನಾನು ಬೈಯಲಿಲ್ಲ, ಈ ಕತೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ಅಂದು ಹೊಗೆ ನಮ್ಮ ಮನೆಯವರ ಮೇಲೇ ಬಂತು, ಹಾಗಾಗಿ ಗೊತ್ತಾಯಿತು. ವೆಲ್ಡಿಂಗ್ ಸರಿಯಾಗಿದ್ದಿದ್ದರೆ? ಅದೇ ಹೊಗೆ ಹಿಂದಿನವರಿಗೆ ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಮನಾಮದ ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ಕನ್ನಡಿಯಲ್ಲಿ ನೋಡಿ. ನಿಮ್ಮ ಹಿಂದೆ ಬೈಕಿನಲ್ಲಿ ಊಟ ತಲುಪಿಸುವ ಹುಡುಗ ನಿಂತಿರುತ್ತಾನೆ. ನಿಮ್ಮದೇ ವಯಸ್ಸು, ನಮ್ಮದೇ ಕಡೆಯವನೂ ಇರಬಹುದು. ಅವನಿಗೆ ಮುಚ್ಚಿಕೊಳ್ಳಲು ಕಿಟಕಿಯಿಲ್ಲ. ಕಾರಿನ ಉಳಿದ ಭಾಗಗಳೆಲ್ಲ ಒಳಗೆ ಕೂತವರಿಗಾಗಿ ಇವೆ. ಆ ಡಬ್ಬಿ ಒಂದು ಅವನಿಗಾಗಿ ಇದೆ. ಅದನ್ನು ತೆಗೆಯುವ ಮೊದಲು ಕೇಳಬೇಕಾದದ್ದು ಅವನನ್ನು.

ಕಾರಿನ ಹುಚ್ಚು ಬಿಡಿ ಎಂದು ನಾನು ಹೇಳುವುದಿಲ್ಲ. ಮಗ ಮಾಡಿದ್ದನ್ನು ಹೇಳುತ್ತೇನೆ, ಬೇಕಾದರೆ ಅನುಸರಿಸಿ. ಅಗಲ ಪೈಪಿಗೆ ಹೊಂದುವ, ಹೊಗೆ ಸರಾಗವಾಗಿ ಹಾಯುವ ಹೈ-ಫ್ಲೋ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿದ. ಇ.ಜಿ.ಆರ್. ಕೊಳವೆಗೂ ಆಕ್ಸಿಜನ್ ಸೆನ್ಸರಿಗೂ ಜಾಗವಿರುವ ಹೆಡರ್ ತಂದ. ಆ ಸೆನ್ಸರ್ ಹೇಳಿದ ಹಾಗೆಯೇ ಕಾರಿನ ಕಂಪ್ಯೂಟರ್ ಪೆಟ್ರೋಲ್ ಅಳೆದು ಬಿಡುತ್ತದೆ. ಕಿತ್ತರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ಹಳೆಯ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಬದಲಿಸಿ. ಆದರೆ ಯಾಕೆ ಕಟ್ಟಿತು ಎಂದು ಮೊದಲು ನೋಡಿಸಿ. ಎಂಜಿನ್ ಸರಿಯಾಗಿ ಉರಿಯದೆ ಹಸಿ ಪೆಟ್ರೋಲ್ ಹೋಗುತ್ತಿದ್ದರೆ ಹೊಸದೂ ಒಳಗೇ ಕರಗುತ್ತದೆ. ಹಾಂ, ಕಾನೂನೂ ಇದೆ. ಇಲ್ಲಿ ಟ್ರಾಫಿಕ್ ಇಲಾಖೆಯ ಅನುಮತಿಯಿಲ್ಲದೆ ವಾಹನವನ್ನು ಬದಲಿಸುವಂತಿಲ್ಲ. ಊರಲ್ಲಿಯೂ ಅಷ್ಟೆ, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಬ್ಬರದ ಸೈಲೆನ್ಸರುಗಳನ್ನು ನಮ್ಮ ಪೊಲೀಸರು ರೋಡ್ ರೋಲರಿನ ಅಡಿ ಹಾಕಿ ಚಪ್ಪಟೆ ಮಾಡುವ ವಿಡಿಯೋಗಳನ್ನು ನೀವೇ ನನಗೆ ಕಳಿಸಿದ್ದೀರಿ!

ವೇಗ ಬೇಕೆ? 2004ರಲ್ಲಿ ಮಧ್ಯಪ್ರಾಚ್ಯದ ಮೊದಲ ಫಾರ್ಮುಲಾ ಒನ್ ರೇಸ್ ನಡೆದ ಸಖೀರ್ ನಮ್ಮ ಮನೆಬಾಗಿಲಲ್ಲೇ ಇದೆ. ಅಲ್ಲಿ ಸಾಮಾನ್ಯ ಜನರೂ ತಮ್ಮ ಕಾರು ತಂದು ಓಡಿಸುವ ರಾತ್ರಿಗಳಿವೆ. ಮಗ ಹೋಗುತ್ತಾನೆ. ನಾನು ಗ್ಯಾಲರಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತೇನೆ.

ಕಾರಿನ ಸದ್ದು ಈಗ ಮೊದಲಿನಷ್ಟಿಲ್ಲ. ಮಗನಿಗೆ ಅದೊಂದು ಸಣ್ಣ ಬೇಸರ, ಮುಚ್ಚಿಡುವುದಿಲ್ಲ. ಆದರೆ ತಂಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರೆ, ಅವನು ಇವತ್ತಿಗೂ ಐದು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ನೋಡಿ ಅವಳ ಹೆಸರು ಕರೆಯುತ್ತಾನೆ. ಅವಳು "ಏನೋ ಅಣ್ಣಾ" ಎಂದು ರೇಗುತ್ತಾಳೆ. ಆ ರೇಗು ಕೇಳಿದ ಮೇಲೆಯೇ ಅವನು ಕಣ್ಣನ್ನು ಮತ್ತೆ ರಸ್ತೆಗೆ ತರುವುದು.

ಹುಷಾರಾಗಿ ಓಡಿಸಿ, ಮಕ್ಕಳೆ. ನಮಸ್ಕಾರ.